ಅಬ್ದಲಿಯ ಚಳಿಯಲ್ಲಿ ಮುಚ್ಚಿದ ನಳ

ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಹೆದರಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಹೆದರಿಸುವುದೇ ಆಗಿದ್ದರೆ ಬಿಳಿ ಸೀರೆ, ಹುಣಸೆಮರ, ಗೆಜ್ಜೆ ಸದ್ದು ಎಲ್ಲ ತಂದು ಬೇಕಾದಷ್ಟು ಬಣ್ಣ ಹಚ್ಚುತ್ತಿದ್ದೆ. ಇದರಲ್ಲಿ ಅದ್ಯಾವುದೂ ಇಲ್ಲ. ಇರುವುದು ಒಂದು ನೀರಿನ ಟಾಂಕಿ, ಒಂದು ಪೈಪು, ಒಂದು ನಳ... ಮತ್ತು ನಾನು ಮಾಡಿದ ತಪ್ಪು. ತನ್ನ ತಪ್ಪನ್ನು ನಾಲ್ಕು ಜನರ ಮುಂದೆ ಇಡುವುದಕ್ಕೆ ಯಾರಾದರೂ ಸುಳ್ಳು ಕಟ್ಟುತ್ತಾರೆಯೇ? ನೀವೇ ಹೇಳಿ.

ಇನ್ನೊಂದು ಮಾತು. ಕುವೈತಿನಲ್ಲಿ ನೀರು ಹೆಪ್ಪುಗಟ್ಟುತ್ತದೆ ಎಂದರೆ ಊರಲ್ಲಿ ಎಲ್ಲರೂ ನಗುತ್ತಾರೆ. ನನ್ನ ಸ್ವಂತ ಮಾವನೇ, "ಏನ್ ಅಳಿಯಂದ್ರ, ಮರಳುಗಾಡಿನ್ಯಾಗ ಬರ್ಫ್ ಬೀಳ್ತೈತೇನು?" ಎಂದು ಊಟದ ತಾಟಿನ ಮುಂದೆ ಕೂತು ನಕ್ಕಿದ್ದ. ನಗಲಿ ಬಿಡಿ. ಜನವರಿಯ ಒಂದು ರಾತ್ರಿ ಅಬ್ದಲಿಯ ಬಯಲಿನಲ್ಲಿ ಮಲಗಿದ್ದರೆ ಗೊತ್ತಾಗುತ್ತಿತ್ತು ಅವನಿಗೆ.

ಇದು ಎರಡು ಸಾವಿರದ ಎಂಟರ ಆಸುಪಾಸಿನ ಮಾತು. ನಾನು ಇಳಕಲ್ ಕಡೆಯವನು, ಹೆಸರು ಸಂಗಪ್ಪ. ಐಟಿಐನಲ್ಲಿ ಪ್ಲಂಬರ್ ಕೆಲಸ ಕಲಿತು ಕುವೈತಿಗೆ ಹೋದೆ. ದೊಡ್ಡ ಕಂಪನಿಯ ಕನಸು ಕಂಡಿದ್ದವನಿಗೆ ಸಿಕ್ಕಿದ್ದು ಇರಾಕ್ ಗಡಿಯ ಹತ್ತಿರ, ಅಬ್ದಲಿಯಲ್ಲಿ ಒಬ್ಬ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ ಧಣಿಯ ತೋಟ. ಪ್ಲಾಸ್ಟಿಕ್ ಹೊದಿಸಿದ ಮನೆಗಳಲ್ಲಿ ಸೌತೆ, ಟೊಮೆಟೊ. ಆಚೆ ಅರವತ್ತು ಕುರಿ. ನಡುವೆ ದೊಡ್ಡ ಮನೆ. ಚಳಿಗಾಲದಲ್ಲಿ ಕಫೀಲನ ಮುದಿ ತಾಯಿ ಅಲ್ಲಿ ಬಂದು ಇರುತ್ತಿದ್ದಳು.

ಅಲ್ಲಿಯ ಬಾವಿ ನೀರು ಉಪ್ಪು. ಬೆಳೆಗೆ ಹೇಗೋ ನಡೆಯುತ್ತದೆ, ಬಾಯಿಗೆ ಹಾಕುವಂತಿಲ್ಲ. ಸಿಹಿನೀರು ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ಬಂದು, ಕಬ್ಬಿಣದ ಅಟ್ಟಣಿಗೆಯ ಮೇಲಿದ್ದ ಟಾಂಕಿಗೆ ಏರುತ್ತಿತ್ತು. ಅಲ್ಲಿಂದ ಒಂದೇ ಕಬ್ಬಿಣದ ಪೈಪು, ಮರಳಿನ ಮೇಲೆ ಬಯಲಲ್ಲೇ ಹಾದು, ಮೊದಲು ದೊಡ್ಡ ಮನೆಗೆ, ಆಮೇಲೆ ಕುರಿದೊಡ್ಡಿಗೆ, ಕೊನೆಗೆ ನಮ್ಮ ತಗಡಿನ ಕ್ಯಾಬಿನ್ನಿನ ಮುಂದಿನ ಬಾನಿಗೆ. ಆ ಪೈಪು ಕೈಕೊಟ್ಟರೆ ಮನುಷ್ಯರಿಗೂ ನೀರಿಲ್ಲ, ಕುರಿಗೂ ನೀರಿಲ್ಲ.

ನಮ್ಮ ಕ್ಯಾಬಿನ್ ಎಂದೆನಲ್ಲ... ನನ್ನ ಜೊತೆ ಇದ್ದವನು ಫಕೀರಪ್ಪ ಕಾಕಾ. ನರಗುಂದದ ಹತ್ತಿರದ ಹಳ್ಳಿಯವನು. ಹನ್ನೊಂದು ವರ್ಷದಿಂದ ಆ ತೋಟದ ನೀರು ನೋಡಿಕೊಳ್ಳುತ್ತಿದ್ದವನು ಅವನೇ. ನನಗೆ ರಕ್ತಸಂಬಂಧವೇನಿಲ್ಲ. ಆದರೆ ಹೋದ ದಿನವೇ ಜೋಳದ ಹಿಟ್ಟು ಎಲ್ಲಿಂದಲೋ ಹುಟ್ಟಿಸಿ ರೊಟ್ಟಿ ಬಡಿದು ಹಾಕಿದ. ಇನ್ನು ಕಾಕಾ ಅನ್ನದೆ ಏನನ್ನಲಿ? ಕಾಲಲ್ಲಿ ಸದಾ ಗಮ್‌ಬೂಟು, ಬಾಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕು, ಕೆಲಸದಲ್ಲಿ ಬಹಳ ಹುಷಾರು. ಕಫೀಲ್ ಯಾರ ಮಾತನ್ನು ಕೇಳದಿದ್ದರೂ ನೀರಿನ ವಿಷಯದಲ್ಲಿ ಕಾಕಾನ ಮಾತು ಕೇಳುತ್ತಿದ್ದ. ಕಾಕಾನಿಗೆ ಇದ್ದ ಹೆಮ್ಮೆ ಅದೊಂದೇ.

ಚಳಿ ಬರುವ ಮುಂಚೆ ಪೈಪಿನ ಉದ್ದಕ್ಕೂ ಹಳೆಯ ಗೋಣಿಚೀಲ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಪೈಪು ತಿರುಗುವ ಕಡೆಯಲ್ಲೆಲ್ಲ ಎರಡು ಸುತ್ತು ಹೆಚ್ಚು. ಗಾಳಿ ನಿಂತು ಆಕಾಶ ತೊಳೆದಿಟ್ಟ ಹಾಗಿರುವ ರಾತ್ರಿ ಮಾತ್ರ ಇನ್ನೊಂದು ಕೆಲಸ. ಕೊನೆಯ ನಳವನ್ನು ದಾರದಷ್ಟು ಸಣ್ಣಗೆ ಬಿಟ್ಟು ಮಲಗುವುದು.

"ನೋಡೋ ಸಂಗ್ಯಾ, ಇದನ್ನ ಬಂದ್ ಮಾಡಬ್ಯಾಡ. ಪೈಪಿನ್ಯಾಗ ನೀರು ಆಡ್ತಿರಬೇಕು. ನಿಂತ್ರ ಗಡ್ಡಿ ಆಕ್ಕೈತಿ, ಪೈಪ್ ಒಡೀತೈತಿ."

"ರಾತ್ರಿಯೆಲ್ಲಾ ನೀರು ಹೋಗ್ತೈತಲ್ಲ ಕಾಕಾ?"

"ಹೋಗೂದೆಲ್ಲಿಗೆ? ಬಾನಿಗೆ ಬೀಳ್ತೈತಿ. ಮುಂಜಾನೆ ಕುರಿ ಕುಡೀತಾವ."

ತಲೆಯಾಡಿಸಿದೆ. ಅರ್ಥವೂ ಆಗಿತ್ತು. ಆದರೆ ತಲೆಗೆ ಅರ್ಥವಾದದ್ದು ಕೈಗೂ ಅರ್ಥವಾಗಬೇಕಲ್ಲ...

ನಮ್ಮ ಓಣಿಯಲ್ಲಿ ಎಂಟು ದಿನಕ್ಕೊಮ್ಮೆ ನಳ ಬರುತ್ತಿತ್ತು. ಎಲ್ಲಾದರೂ ಹನಿ ತೊಟ್ಟಿಕ್ಕುವ ಸದ್ದು ಕೇಳಿದರೆ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಅವ್ವ ಕತ್ತಲಲ್ಲೇ ಗೋಡೆ ತಡವುತ್ತ ಹೋಗಿ ಬಿಗಿಯಾಗಿ ತಿರುವಿ ಬರುತ್ತಿದ್ದಳು. ಅವಳಿಗೆ ಆಗದಾಗ ನಾನು. ಹೀಗೆ ಬೆಳೆದವನು ನಾನು.

ಆ ಜನವರಿಯ ಒಂದು ರಾತ್ರಿ. ಹೀಟರ್ ಹಾಕಿದ್ದರೂ ಮೂಳೆಯೊಳಗೆ ಚಳಿ. ಹೊರಗೆ ಬಾನಿಯಲ್ಲಿ ನೀರು ಬೀಳುವ ಸದ್ದು... ಟಿಳ್... ಟಿಳ್... ಟಿಳ್... ಯಾವಾಗ ಎದ್ದೆನೋ ಗೊತ್ತಿಲ್ಲ. ಅರ್ಧ ನಿದ್ದೆಯಲ್ಲಿ ಬಾಗಿಲು ತೆಗೆದದ್ದು, ಅಂಗೈಗೆ ಕಬ್ಬಿಣ ಚುರ್ ಎಂದದ್ದು, ಸದ್ದು ನಿಂತದ್ದು ಮಾತ್ರ ನೆನಪಿದೆ. ಅಬ್ಬಾ ಎಂದು ಬಂದು ಮುಸುಕೆಳೆದು ಮಲಗಿದೆ.

ಬೆಳಿಗ್ಗೆ ದೊಡ್ಡ ಮನೆಯಿಂದ ಕೂಗು. ಕಫೀಲನ ತಾಯಿಗೆ ನಮಾಜಿಗೆ ಕೈಕಾಲು ತೊಳೆಯಲು ನೀರಿಲ್ಲ. ಕುರಿಗಳು ಒದರುತ್ತಿದ್ದವು. ಮರಿ ಹಾಕಿದ ಕುರಿಗಳು ಬೇರೆ... ನೀರಿಲ್ಲದಿದ್ದರೆ ಹಾಲೆಲ್ಲಿಂದ ಬರಬೇಕು? ಬಿಸಿಲು ಏರುತ್ತಿದ್ದಂತೆ ಟಾಂಕಿಯ ಕೆಳಗೆ ಫಟ್ ಎಂದು ಸದ್ದಾಗಿ ನೀರು ಕಾರಂಜಿಯ ಹಾಗೆ ಚಿಮ್ಮಿತು. ಒಡೆದದ್ದು ಟಾಂಕಿಗೂ ನೀರು ತಡೆಯುವ ವಾಲ್‌ಗೂ ನಡುವಿನ ಬೆಂಡ್, ಪೈಪು ತಿರುಗುವ ಜಾಗದ ತುಂಡು. ವಾಲ್ ಮುಚ್ಚಿದರೂ ಉಪಯೋಗವಿಲ್ಲ. ವಾರದ ಸಿಹಿನೀರೆಲ್ಲ ಮರಳಿಗೆ ಇಳಿಯುತ್ತಿತ್ತು.

ಕಾಕಾ ಅಟ್ಟಣಿಗೆ ಹತ್ತಿದ. ಹಳೆಯ ಟೈರ್ ಟ್ಯೂಬನ್ನು ಪಟ್ಟಿ ಪಟ್ಟಿ ಕತ್ತರಿಸಿಕೊಂಡು, ಆ ಚಿಮ್ಮುವ ನೀರಿನ ಕೆಳಗೇ ನಿಂತು, ಒಡೆದ ಜಾಗಕ್ಕೆ ಸುತ್ತುತ್ತ ಹೋದ. ಒಂದು ತಾಸಿಗೂ ಹೆಚ್ಚು. ಮೇಲಿನಿಂದ ಕೆಳಗಿನವರೆಗೆ ತೊಯ್ದು ತೊಪ್ಪೆ. ಬೆನ್ನಿಗೆ ಹೊದ್ದ ಗೋಣಿಯಿಂದಲೂ ನೀರು ಸುರಿಯುತ್ತಿತ್ತು. ಅರ್ಧ ಟಾಂಕಿ ನೀರು ಉಳಿಸಿದ.

ಅಷ್ಟರಲ್ಲಿ ಕಫೀಲ್ ಬಂದ. ನೇರವಾಗಿ ಕೊನೆಯ ನಳದ ಹತ್ತಿರ ಹೋಗಿ ಕೈಯಿಟ್ಟು ನೋಡಿದ. ಗಟ್ಟಿಯಾಗಿ ಮುಚ್ಚಿತ್ತು.

"ಲೇಶ್ ಸಕ್ಕರ್ತ್?" ಯಾಕೆ ಮುಚ್ಚಿದೆ ಎಂದು ಕಿರುಚಿದ.

ಕಾಕಾ ಆ ನಳವನ್ನೇ ನೋಡಿದ. ಬಹಳ ಹೊತ್ತು ನೋಡಿದ. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಆಮೇಲೆ ತಲೆ ತಗ್ಗಿಸಿ, ಹಲ್ಲು ಕಟಕಟ ಅನ್ನುತ್ತಿರುವಾಗಲೇ ಹೇಳಿದ. "ಆನಾ ನಸೀತ್, ಬಾಬಾ." ನಾನೇ ಮರೆತೆ.

ನನ್ನ ನಾಲಿಗೆ ಬಿದ್ದುಹೋಗಿತ್ತೇ? ನಾನು ಎಂದು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಬಂದು ಏಳು ತಿಂಗಳಾಗಿತ್ತು. ಕಫೀಲ್ ಸಿಟ್ಟಾಗಿ ಖಲಾಸ್ ಎಂದರೆ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ ರದ್ದು, ಮುಂದಿನ ವಿಮಾನಕ್ಕೆ ಊರು. ಆ ಹೆದರಿಕೆಯಲ್ಲಿ ಸುಮ್ಮನೆ ನಿಂತೆ. ಹನ್ನೊಂದು ವರ್ಷದ ಹೆಸರು ನನ್ನ ಕಣ್ಣೆದುರಿಗೇ ಮಣ್ಣುಪಾಲಾಯಿತು.

ಆಮೇಲೂ ಕಾಕಾ ಕೂರಲಿಲ್ಲ. ಪಕ್ಕದ ತೋಟದಿಂದ ಡಬ್ಬಿಗಳಲ್ಲಿ ನೀರು ಹೊತ್ತು ಮಧ್ಯಾಹ್ನದವರೆಗೆ ಕುರಿಗೆ ಹಾಕಿದ. ತೊಯ್ದ ಬಟ್ಟೆ ಮೈಮೇಲೆಯೇ ಒಣಗಿತು. ರಾತ್ರಿ ಜ್ವರ. ಮೂರನೆಯ ದಿನ ಉಸಿರು ಎಳೆಯತೊಡಗಿತು, ದವಾಖಾನೆಗೆ ಸೇರಿಸಿದರು. ಎದೆಯಲ್ಲಿ ನ್ಯುಮೋನಿಯಾ ಎಂದರು.

ನೋಡಲು ಹೋದಾಗ ಹೇಳಿಯೇಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. "ಕಾಕಾ, ಆ ನಳ..." ಎಂದೆ. ಕೈಯೆತ್ತಿ ತಡೆದ. "ಆಮ್ಯಾಲ ಮಾತಾಡೂಣಂತ. ಮೊದಲ ಹೋಗಿ ಬೆಂಡ್ ಬದಲಿ ಮಾಡು. ಟ್ಯೂಬಿನ ಪಟ್ಟಿ ಬಾಳ ದಿನಾ ತಡ್ಯಾಂಗಿಲ್ಲ." ಅಷ್ಟೇ. ಮರುದಿನ ನಸುಕಿನಲ್ಲಿ ಕಾಕಾ ಹೋದ.

ಪೆಟ್ಟಿಗೆ ಊರಿಗೆ ಹೋಯಿತು. ಅದರ ಜೊತೆಗೇ ಸುದ್ದಿಯೂ ಹೋಯಿತು, ಫಕೀರಪ್ಪ ತನ್ನ ಮರೆವಿನಿಂದಲೇ ಸತ್ತ ಎಂದು. ಕಾಕಾನ ಹೆಂಡತಿ, ನಾನು ಚಿಗವ್ವ ಅನ್ನುತ್ತಿದ್ದೆ, ಫೋನಿನಲ್ಲಿ ಅಳಲಿಲ್ಲ. ಒಂದೇ ಕೇಳಿದಳು.

"ಅಷ್ಟು ಹುಷಾರಿದ್ದವರು... ಹೆಂಗ ಮರತ್ರಪಾ? ಮಂದಿ ಏನೇನರೆ ಅಂತಾರ. ಖರೇನ ಅವರದ ತಪ್ಪೇನು?"

"ಗೊತ್ತಿಲ್ಲ ಚಿಗವ್ವ," ಎಂದೆ. ಹಾಳು ಬಾಯಿ!

ಮುಂದಿನ ಜನವರಿ ಬಂತು. ಈಗ ತೋಟದ ನೀರಿನ ಜವಾಬ್ದಾರಿ ನನ್ನದು. ಕ್ಯಾಬಿನ್ನಿನಲ್ಲಿ ನಾನೊಬ್ಬನೇ. ಕಾಕಾನ ಮಂಚ ಹಾಗೇ ಇತ್ತು, ತೆಗೆಯಲು ಕೈ ಬಂದಿರಲಿಲ್ಲ. ಆ ವಾರ ದೊಡ್ಡ ಮನೆ ಖಾಲಿ. ದೂರದ ದೊಡ್ಡಿಯ ಪಕ್ಕದ ಕೋಣೆಯಲ್ಲಿ ಕುರಿ ಕಾಯುವ ಬಾಂಗ್ಲಾದ ರಫೀಕ್ ಭಾಯಿ. ಇಡೀ ತೋಟಕ್ಕೆ ನಾವಿಬ್ಬರೇ.

ಸಂಜೆಗೇ ಗಾಳಿ ನಿಂತಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಗೋಣಿ ಎಲ್ಲ ನೋಡಿ ಬಂದೆ. ನಳವನ್ನು ದಾರದಷ್ಟು ಬಿಟ್ಟೆ. ಒಳಗೆ ಬಂದು ಬಾಗಿಲ ಚಿಲಕ ಹಾಕಿ ಮಲಗಿದೆ. ಟಿಳ್... ಟಿಳ್... ಆ ಸದ್ದಿಗೆ ಈಗ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ರಾತ್ರಿ ಒಂದು ಗಂಟೆ ಇರಬಹುದು.

ಚಪ್... ಚಪ್... ಚಪ್...

ನೀರು ತುಂಬಿದ ಗಮ್‌ಬೂಟು ಹಾಕಿಕೊಂಡು ಯಾರೋ ನಡೆಯುತ್ತಿದ್ದ ಸದ್ದು. ಟಾಂಕಿಯ ಕಡೆಯಿಂದ. ರಫೀಕ್ ಇರಬೇಕು, ಕುರಿ ಈಯುತ್ತಿರಬೇಕು ಎಂದುಕೊಂಡೆ. ಆದರೆ ಹೆಜ್ಜೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಡೆಯಿತು... ಮತ್ತೆ ನಿಂತಿತು. ನನಗೆ ಆ ಪೈಪಿನ ಒಂದೊಂದು ಬೆಂಡೂ ಬಾಯಿಪಾಠ. ಹೆಜ್ಜೆ ನಿಲ್ಲುತ್ತಿದ್ದುದು ಸರಿಯಾಗಿ ಆ ಬೆಂಡುಗಳ ಹತ್ತಿರವೇ.

ಹಾಗೆ ನೋಡುತ್ತ ಬರುತ್ತಿದ್ದವನು ಒಬ್ಬನೇ.

"ರಫೀಕ್ ಭಾಯಿ?" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ.

ಹೆಜ್ಜೆ ನಮ್ಮ ಬಾನಿಯ ಹತ್ತಿರ ಬಂದು ನಿಂತಿತು. ಟಿಳ್... ಟಿಳ್... ಹೆಜ್ಜೆ ತಿರುಗಿ ಹೊರಟುಹೋಯಿತು.

ಧೈರ್ಯ ಮಾಡಿ ಬ್ಯಾಟರಿ ಹಿಡಿದು ಬಾಗಿಲು ತೆಗೆದೆ. ಯಾರೂ ಇಲ್ಲ. ಗೋಣಿಯ ಮೇಲೆ ಬಿಳಿ ಹಿಮ ಉಪ್ಪು ಚೆಲ್ಲಿದ ಹಾಗೆ ಮಿನುಗುತ್ತಿತ್ತು. ನಳದಿಂದ ನೀರು ಬೀಳುತ್ತಲೇ ಇತ್ತು. ಮರಳಿನ ಮೇಲೆ ಸಂಜೆ ನಾನು ಓಡಾಡಿದ ಗುರುತು ಬಿಟ್ಟರೆ ಬೇರೆ ಏನೂ ಇಲ್ಲ. ಆದರೆ ವಾಸನೆ ಇತ್ತು... ತೊಯ್ದ ಗೋಣಿಯ ವಾಸನೆ. ಅದರ ಜೊತೆ ಸುಣ್ಣ ಹಾಕಿ ತಿಕ್ಕಿದ ತಂಬಾಕು. ಆ ತೋಟದಲ್ಲಿ ಆಗ ತಂಬಾಕು ಹಾಕುವವರು ಯಾರೂ ಇರಲಿಲ್ಲ.

ಒಳಗೆ ಬಂದು ಚಿಲಕ ಹಾಕಿ, ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತೆ. ಅರ್ಧ ತಾಸಿಗೆ ಮತ್ತೆ... ಚಪ್... ಚಪ್... ಅದೇ ದಾರಿ. ಅದೇ ನಿಲುಗಡೆ. ಈ ಸಲ ನಡುನಡುವೆ ಕೆಮ್ಮು. ದವಾಖಾನೆಯಲ್ಲಿ ಕೇಳಿದ್ದೆನಲ್ಲ, ಎದೆಯ ತಳದಿಂದ ಬರುವ ಒಡಕು ಕೆಮ್ಮು... ಅದೇ.

ಹೆದರಿದೆನೇ? ಹೆದರಿದೆ. ಮೈಯೆಲ್ಲ ಬೆವರು, ಆ ಚಳಿಯಲ್ಲಿ! ಆದರೆ ನಿಜ ಹೇಳಲೇ, ಹೆದರಿಕೆಗಿಂತ ಹೆಚ್ಚಾಗಿ ಕರುಳು ಹಿಂಡಿದ ಹಾಗಾಯಿತು. ಸತ್ತ ಮೇಲೂ ಇವನಿಗೆ ಬಿಡುವಿಲ್ಲವಲ್ಲಪ್ಪಾ... ತಾನು ಮಾಡದ ತಪ್ಪನ್ನು ಈ ಚಳಿಯಲ್ಲಿ ಒಬ್ಬನೇ ಹುಡುಕುತ್ತ ತಿರುಗುತ್ತಿದ್ದಾನಲ್ಲ. ನನಗೆ ಹಾಗೇ ಅನ್ನಿಸಿತು.

ಮೂರನೆಯ ಸಲ ಹೆಜ್ಜೆ ಬಾನಿಯ ಹತ್ತಿರ ನಿಂತಾಗ ನನ್ನಿಂದ ತಡೆಯಲಾಗಲಿಲ್ಲ. ಬಾಗಿಲಿನ ಹತ್ತಿರ ಹೋಗಿ ಮೊಣಕಾಲೂರಿ ಕೂತೆ. ತೆಗೆಯುವ ಧೈರ್ಯವಿರಲಿಲ್ಲ. ತಗಡಿಗೆ ಹಣೆ ಹಚ್ಚಿದೆ.

"ಕಾಕಾ... ನೀ ಮರತಿದ್ದಿಲ್ಲೋ. ನೀ ನಳಾ ಬಿಟ್ಟಿದ್ದಿ. ನಾನ ರಾತ್ರಿ ಎದ್ದು ಬಂದ್ ಮಾಡಿದೆ. ನಿದ್ದಿಗಣ್ಣಾಗ... ನಮ್ಮನ್ಯಾಗಿನ ಚಟಾ. ಅವತ್ತ ಹೇಳಲಿಲ್ಲ. ಅಂಜಿದ್ನಿ. ನಿಂದೇನೂ ತಪ್ಪಿಲ್ಲ ಕಾಕಾ... ತಿರಗಬ್ಯಾಡೋ, ಹೋಗೋ..."

ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಚಪ್... ಚಪ್... ಹೆಜ್ಜೆ ಬಾನಿ ಬಿಟ್ಟು ಬಾಗಿಲಿಗೆ ಬಂತು.

ನಾವಿಬ್ಬರೂ ಒಂದು ತಗಡಿನ ಆಚೆ ಈಚೆ. ಬಾಗಿಲಿನ ಸಂದಿಯಿಂದ ತಣ್ಣನೆಯ ನೀರು ಹರಿದು ಬಂದು ನನ್ನ ಮೊಣಕಾಲು ನೆನೆಯಿತು. ಆಚೆಯಿಂದ ಉಸಿರಾಟ... ಎಳೆದು ಎಳೆದು. ಆಮೇಲೆ ಅಂಗೈ ಮೇಲೆ ತಂಬಾಕು ಬಡಿಯುವ ಸದ್ದು. ಪಟ್, ಪಟ್.

"ನಂಗ ಗೊತ್ತೈತೋ," ಎಂದಿತು ಧ್ವನಿ. ಸಿಟ್ಟಿರಲಿಲ್ಲ. ದಿನವೆಲ್ಲ ದುಡಿದು ಬಂದವನ ದಣಿವು.

ಮತ್ತೆ ಪಟ್, ಪಟ್.

"ನಂಗ ಹೇಳಿ ಏನ್ ಉಪಯೋಗ? ಆಕೀಗೆ ಹೇಳು."

ಅಷ್ಟೇ. ಹೆಜ್ಜೆ ಹೋಗುವ ಸದ್ದೂ ಆಗಲಿಲ್ಲ. ಟಿಳ್... ಟಿಳ್... ನಳ ಮಾತ್ರ.

ಬೆಳಿಗ್ಗೆ ರಫೀಕ್ ಬಂದು ಬಾಗಿಲು ಬಡಿದಾಗ ನಾನು ಅಲ್ಲೇ ನೆಲದ ಮೇಲೆ ಮುದುಡಿ ಬಿದ್ದಿದ್ದೆ. ಹೊಸ್ತಿಲ ಮೇಲೆ ನೀರು ಗಾಜಿನ ಹಾಗೆ ಗಟ್ಟಿಯಾಗಿತ್ತು. ಅಲ್ಲಿಗೆ ಯಾವ ಪೈಪೂ ಇಲ್ಲ, ಬಾನಿ ತುಂಬಿ ಹರಿದಿರಲೂ ಇಲ್ಲ. ತೋಟದ ಲೈನು ಸರಿಯಾಗಿತ್ತು, ಎಲ್ಲೂ ಒಂದು ಹನಿ ಸೋರಿಲ್ಲ.

ರಫೀಕ್ ಆ ಗಡ್ಡೆಯನ್ನು ಕಾಲಲ್ಲಿ ಮುಟ್ಟಿ ನೋಡಿ, ದನಿ ತಗ್ಗಿಸಿ ಕೇಳಿದ. "ಭಾಯಿ, ರಾತ್ ಮೆ ದೋ ಆದ್ಮಿ ಬಾತ್ ಕರ್ತಾ ಥಾ. ದೂಸ್ರಾ ಕೌನ್ ಥಾ?"

ಗಾಳಿಯಿಲ್ಲದ ರಾತ್ರಿ ಇಬ್ಬರ ಮಾತು ಅವನಿಗೂ ಕೇಳಿಸಿತ್ತು, ಇನ್ನೊಬ್ಬ ಯಾರೆಂದು ಕೇಳುತ್ತಿದ್ದ. ನಾನು ಬಗ್ಗಿ ಆ ಗಡ್ಡೆಯನ್ನು ಒಡೆದು ಹೊರಗೆ ಎಸೆದೆ. ಅವನು ಮತ್ತೆ ಕೇಳಲಿಲ್ಲ, ಕತ್ತಲಾದ ಮೇಲೆ ನಮ್ಮ ಕ್ಯಾಬಿನ್ ಕಡೆ ಬರುವುದನ್ನೂ ಬಿಟ್ಟ.

ಅಂದೇ ಚಿಗವ್ವನಿಗೆ ಫೋನು ಮಾಡಬಹುದಿತ್ತು. ಫೋನಿನಲ್ಲಿ ಹೇಳುವ ಮಾತೇ ಅದು? ಬೇಸಿಗೆಯಲ್ಲಿ ರಜೆ ಸಿಕ್ಕಿತು. ಮೊದಲು ಕಫೀಲನ ಹತ್ತಿರ ಹೋಗಿ ನನಗೆ ಬರುವ ಅರೆಬರೆ ಅರಬ್ಬಿಯಲ್ಲಿ ನಿಜ ಹೇಳಿದೆ. ಕಳಿಸುವುದಾದರೆ ಕಳಿಸಲಿ ಎಂದು ನಿಂತೆ. ಅವನು ಬೈಯಲಿಲ್ಲ. ಕಣ್ಣೊರೆಸಿಕೊಂಡು, ಯಲ್ಲಾ, ಹೋಗು ಎಂದು ಕೈ ಮಾಡಿದ. ಊರಿಗೆ ಬಂದವನು ನನ್ನ ಮನೆಗೆ ಹೋಗುವ ಮೊದಲೇ ನರಗುಂದದ ಬಸ್ಸು ಹತ್ತಿದೆ.

ಚಿಗವ್ವ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ನನ್ನ ಗುರುತು ಹೇಳಿದ್ದೇ ತಡ, "ಬಾರಪಾ, ಮೊದಲ ಕೈಕಾಲು ತೊಳಕೋ, ರೊಟ್ಟಿ ತಿನ್ನು," ಎಂದು ಎದ್ದಳು. ಅವಳ ರೊಟ್ಟಿ ತಿಂದ ಮೇಲೆ ನನಗೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. ನಿಂತಲ್ಲೇ ನಿಂತು ಎಲ್ಲ ಹೇಳಿದೆ. ನಳ ಮುಚ್ಚಿದ್ದು, ಸುಮ್ಮನೆ ನಿಂತದ್ದು, ಕಾಕಾ ನನ್ನ ತಪ್ಪನ್ನು ಮೈಮೇಲೆ ಹಾಕಿಕೊಂಡದ್ದು. ರಾತ್ರಿಯ ಮಾತನ್ನು ಮಾತ್ರ ಹೇಳಲಿಲ್ಲ. ಬೇಕಾದರೆ ಚಪ್ಪಲಿಯಿಂದ ಹೊಡಿ ಎಂದೆ.

ಅವಳು ಮೊರದ ಮೇಲಿನ ಕಡಲೆಯನ್ನೇ ನೋಡುತ್ತಿದ್ದಳು. ಆಮೇಲೆ ಪಕ್ಕದ ಮನೆಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. "ನಾ ಹೇಳಿದ್ನಿಲ್ಲ? ಅವರು ಮರಿಯೂ ಮನಷ್ಯಾ ಅಲ್ಲ ಅಂತ!"

ಬೈಗುಳಕ್ಕೆ ಕಾದೆ. ಬೈಗುಳ ಬರಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಂಡು, ದನಿ ಇಳಿಸಿ ಒಂದೇ ಒಂದು ಮಾತು ಕೇಳಿದಳು.

"ಅಷ್ಟು ಥಂಡ್ಯಾಗ ತೋಯಿಸ್ಕೊಂಡು ಕೆಳಗ ಇಳದ್ರಲ್ಲಪಾ... ಅವಾಗ ಅವರಿಗೆ ಒಂದು ಒಣಾ ಅರಿವಿ ಆದ್ರೂ ಕೊಟ್ಟಿದ್ದೇನು?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ದಿನ ನಾನು ಮೈತುಂಬ ಬೆಚ್ಚನೆಯ ಬಟ್ಟೆ ಹಾಕಿದ್ದೆ. ಕಾಕಾ ಅಟ್ಟಣಿಗೆ ಇಳಿದು ಬಂದು ನನ್ನ ಎದುರಿಗೇ ಗಡಗಡ ನಡುಗುತ್ತ ನಿಂತಿದ್ದ. ಹತ್ತಿರ ಹೋದರೆ ಎಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೋ ಎಂದು ನಾನು ಸೌತೆಯ ಪ್ಲಾಸ್ಟಿಕ್ ಮನೆಯೊಳಗೆ ಹೋಗಿ, ಮಧ್ಯಾಹ್ನದವರೆಗೆ ಅಲ್ಲೇ ಏನೋ ಕೆಲಸವಿದ್ದವನ ಹಾಗೆ ಅಡಗಿದ್ದೆ.

"ಕೊಟ್ಟಿದ್ದೆ ಚಿಗವ್ವ," ಎಂದೆ. "ನನ್ನ ಸ್ವೆಟರ್ ಕೊಟ್ಟಿದ್ದೆ."

"ಹಂಗಾರ ಬೇಷಾತು," ಎಂದಳು. ಮುಖ ಸ್ವಲ್ಪ ತಿಳಿಯಾಯಿತು. ಒಳಗೆ ಹೋಗಿ ನನಗೆ ರೊಟ್ಟಿ ಬಡಿಯತೊಡಗಿದಳು. ಬಿಸಿ ಬಿಸಿ ನಾಲ್ಕು ರೊಟ್ಟಿ ಹಾಕಿದಳು. ನಾನು ತಿಂದೆ.

ಈಗ ಕುವೈತಿನಲ್ಲೇ, ಅಹ್ಮದಿಯಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಸಂಸಾರ ಜೊತೆಗಿದೆ. ಚಿಗವ್ವ ಮೂರು ವರ್ಷದ ಹಿಂದೆ ತೀರಿಕೊಂಡಳು. ಆ ಸುಳ್ಳನ್ನು ನಂಬಿಕೊಂಡೇ ಹೋದಳು. ಅದು ಅವಳಿಗಾಗಿ ಹೇಳಿದ ಸುಳ್ಳೋ ನನಗಾಗಿ ಹೇಳಿದ್ದೋ, ಇವತ್ತಿಗೂ ನನಗೆ ತಿಳಿದಿಲ್ಲ. ಕಾಕಾನಂತೂ ಆ ರಾತ್ರಿಯ ಮೇಲೆ ಬಂದೇ ಇಲ್ಲ. ಹೆಂಡತಿ ಹೇಳುತ್ತಾಳೆ, ಅವರಿಗೆ ಶಾಂತಿ ಸಿಕ್ಕಿರಬೇಕು ಬಿಡ್ರಿ ಎಂದು. ಇರಬಹುದು. ಆದರೆ ಈಗ ಅವರಿಬ್ಬರೂ ಒಂದೇ ಕಡೆ ಇದ್ದಾರಲ್ಲ... ಚಿಗವ್ವ ಸುಮ್ಮನಿರುವವಳಲ್ಲ, ಆ ಸ್ವೆಟರಿನ ಮಾತು ಒಂದಲ್ಲ ಒಂದು ದಿನ ತೆಗೆದೇ ತೆಗೆದಿರುತ್ತಾಳೆ. ಕಾಕಾ ಏನು ಹೇಳಿರುತ್ತಾನೆ?